ಸ್ವರಗಳನ್ನು ಕಟ್ಟುವ ಗೆರೆ

(ಬಾನುಲಿ ಭಾಷಣ)

ಈ ಹೊತ್ತಿನ ನನ್ನ ಮಾತು ಒಂದು ಸಣ್ಣ ಗೆರೆಯನ್ನು ಕುರಿತದ್ದು. ಸಂಗೀತವನ್ನು ಕಾಗದದ ಮೇಲೆ ಬರೆಯುವಾಗ ಎರಡೋ ಮೂರೋ ನಾಲ್ಕೋ ಸ್ವರಗಳನ್ನು ಒಂದು ಗುಂಪಾಗಿ ಕಟ್ಟಲು ಎಳೆಯುವ ಗೆರೆ ಅದು. ಹಿಂದೆ ಈ ಗೆರೆಯನ್ನು ಬರೆಯುವವನ ಕೈ ಎಳೆಯುತ್ತಿತ್ತು. ಈಗ ಬಹುಮಟ್ಟಿಗೆ ಕಂಪ್ಯೂಟರು ಎಳೆಯುತ್ತದೆ. ನಮ್ಮನ್ನು ಕೇಳದೆ, ತನ್ನೊಳಗೆ ಮೊದಲೇ ತುಂಬಿಟ್ಟ ನಿಯಮದಂತೆ ಎಳೆಯುತ್ತದೆ. ಆ ನಿಯಮ ನಮ್ಮ ಹಾಡಿಗೆ ಹೊಂದೀತೆ? ಹೊಂದದಿದ್ದಲ್ಲಿ ನಾವು ಮಾಡಬೇಕಾದುದೇನು? ಇದಿಷ್ಟು ವಿಷಯ. ಇದು ಸಂಗೀತಗಾರರ ಮನೆಯ ಮಾತೆಂದು ಸಾಹಿತ್ಯಾಸಕ್ತರು ದೂರ ಸರಿಯಬೇಕಾಗಿಲ್ಲ. ಛಂದಸ್ಸಿನ ತರಗತಿಯಲ್ಲಿ ಲಘು ಗುರುಗಳನ್ನು ಹಾಕಿ ಗಣ ವಿಂಗಡಿಸಿದವರೆಲ್ಲರೂ ಈ ಗೆರೆಯನ್ನು ಒಮ್ಮೆಯಾದರೂ ಎಳೆದವರೇ.

ಗುಂಪು ಎಂಬುದರ ಬೆಲೆಯನ್ನು ತಿಳಿಯಲು ಸಂಗೀತಶಾಲೆಗಿಂತ ಮೊದಲು ಕೋಲಾರದ ಚಿನ್ನದ ಗಣಿಗಳ ಕಡೆಗೆ ಹೋಗೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಕೆಲಸಕ್ಕೆ ಕೈಹಾಕಿದಂದಿನಿಂದ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ನೆಲದೊಳಕ್ಕೆ ಇಳಿಯುತ್ತ ಹೋದವು. ಚಾಂಪಿಯನ್ ರೀಫ್ ಗಣಿಯ ಆಳ ಕೊನೆಗೆ ಮೂರು ಕಿಲೋಮೀಟರನ್ನೂ ಮೀರಿತು. ಅಷ್ಟು ಆಳಕ್ಕೆ ಜನರನ್ನು ಇಳಿಸುವ, ಏರಿಸುವ ತೊಟ್ಟಿಲನ್ನು ನಡೆಸುತ್ತಿದ್ದವನು ನೆಲದ ಮೇಲಣ ಯಂತ್ರಶಾಲೆಯಲ್ಲಿ ಕುಳಿತ ಚಾಲಕ. ಅವನ ಕಣ್ಣಿಗೆ ತೊಟ್ಟಿಲೂ ಕಾಣದು, ತೊಟ್ಟಿಲೊಳಗಿನ ಜನವೂ ಕಾಣದು. ಅವನಿಗಿದ್ದ ಆಧಾರ ಗಂಟೆಯ ಬಡಿತ. ಇಂತಿಷ್ಟು ಬಡಿತಕ್ಕೆ ನಿಲ್ಲಿಸಬೇಕು, ಇಂತಿಷ್ಟಕ್ಕೆ ಇಳಿಸಬೇಕು, ಇಂತಿಷ್ಟಕ್ಕೆ ತೊಟ್ಟಿಲಲ್ಲಿ ಮನುಷ್ಯರಿದ್ದಾರೆಂದು ಅರ್ಥ. ಗಣಿಗಳ ಇಂಥ ಸಂಕೇತಗಳಲ್ಲಿ ಬಡಿತದ ಎಣಿಕೆಯಷ್ಟೇ ಬಡಿತಗಳ ನಡುವಣ ತಡೆಯೂ ಮುಖ್ಯ. ಒಂದೇ ಸಮನೆ ಕೇಳಿದ ನಾಲ್ಕು ಬಡಿತಗಳು ಬೇರೆ, ಮೂರು ಬಡಿದು ತಡೆದು ಮತ್ತೊಂದು ಬಡಿದದ್ದು ಬೇರೆ. ಎರಡರ ಮೊತ್ತವೂ ನಾಲ್ಕೇ. ಆದರೆ ಮೊತ್ತವನ್ನು ನಂಬಿ ಯಂತ್ರವನ್ನು ತಿರುಗಿಸಿದರೆ ಕೆಳಗಿರುವವರ ಗತಿಯೇನು? ಕಾಣದವನ ಪಾಲಿಗೆ ಗುಂಪೇ ಅರ್ಥ.

ಸ್ವರಲಿಪಿಯನ್ನು ಓದುವವನ ಸ್ಥಿತಿಯೂ ಹೀಗೆಯೇ. ಹಾಡಿದವರು ಅವನ ಎದುರಿಗಿಲ್ಲ. ತಾಳ ಹಾಕಿದ ಕೈ ಕಾಣದು. ಅವನ ಮುಂದಿರುವುದು ಕೆಲವು ಗುರುತುಗಳು ಮಾತ್ರ. ಸ್ವರಗಳೆಷ್ಟೆಂದು ಎಣಿಸಿ ತಿಳಿಯಬಹುದು. ಅವು ಎಲ್ಲಿ ಕೂಡುತ್ತವೆ, ಎಲ್ಲಿ ಬಿಡುತ್ತವೆ ಎಂಬುದನ್ನು ಬರೆದವನೇ ಹೇಳಬೇಕು.

ಅದೇ ಊರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಚಿನ್ನದ ಗಣಿ.’ ಒತ್ತಕ್ಷರದ ಹಿಂದಿರುವ ‘ಚಿ’ ಗುರು, ಎರಡು ಮಾತ್ರೆ. ಉಳಿದ ನಾಲ್ಕೂ ಲಘು. ಒಟ್ಟು ಆರು ಮಾತ್ರೆ. ಇದನ್ನು ಮೂರು ಮೂರಾಗಿ ಒಡೆದು ಹೇಳಿ: ಚಿನ್ನ — ದಗಣಿ, ಚಿನ್ನ — ದಗಣಿ. ತೊಟ್ಟಿಲು ತೂಗಿದಂತೆ ಎರಡು ಬೀಸು. ಈಗ ಎರಡೆರಡಾಗಿ ಒಡೆದು ಹೇಳಿ: ಚಿನ್ — ನದ — ಗಣಿ, ಚಿನ್ — ನದ — ಗಣಿ. ಮೂರು ಹೆಜ್ಜೆಯ ನಡಿಗೆ. ಅಕ್ಷರ ಬದಲಾಗಲಿಲ್ಲ, ಮಾತ್ರೆ ಬದಲಾಗಲಿಲ್ಲ, ವೇಗವೂ ಬದಲಾಗಲಿಲ್ಲ. ನಡೆ ಮಾತ್ರ ಬೇರೆಯಾಯಿತು. ರಗಳೆಗಳನ್ನೂ ಷಟ್ಪದಿಗಳನ್ನೂ ಗುರುತಿಸಲು ನಮ್ಮ ಛಂದಶ್ಶಾಸ್ತ್ರ ಹೇಳಿಕೊಡುವ ಉಪಾಯ ಇದೇ ಅಲ್ಲವೆ? ಮೂರರ ಗಣ, ನಾಲ್ಕರ ಗಣ, ಐದರ ಗಣ ಎಂದು ನಾವು ಎಣಿಸುವುದು ಮೊತ್ತವನ್ನಲ್ಲ, ಒಡಕನ್ನು.

ಪಾಶ್ಚಾತ್ಯ ಸ್ವರಲಿಪಿಯಲ್ಲಿ ಈ ಒಡಕನ್ನು ತೋರಿಸುವ ಬಗೆ ಹೀಗಿದೆ. ಐದು ಅಡ್ಡಗೆರೆಗಳ ಮೇಲೆ ಸ್ವರವೊಂದು ಕರಿಯ ಬೊಟ್ಟು, ಅದಕ್ಕೊಂದು ಕಡ್ಡಿ. ಇದು ಕ್ರಾಚೆಟ್. ಕಡ್ಡಿಯ ತುದಿಗೆ ಒಂದು ಬಾವುಟ ಸಿಕ್ಕಿಸಿದರೆ ಅದರ ಕಾಲ ಅರ್ಧವಾಯಿತು, ಅದು ಕ್ವೇವರ್. ಎರಡು ಬಾವುಟಕ್ಕೆ ಕಾಲು ಪಾಲು, ಅದು ಸೆಮಿಕ್ವೇವರ್. ಬಾವುಟವುಳ್ಳ ಸ್ವರಗಳು ಒಂದರ ಪಕ್ಕ ಒಂದು ಬಂದಾಗ ಬಾವುಟಗಳನ್ನು ತೆಗೆದು, ಕಡ್ಡಿಗಳ ತುದಿಗಳನ್ನು ಒಂದು ದಪ್ಪ ಗೆರೆಯಿಂದ ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಆ ಗೆರೆಗೆ ಬೀಮ್ ಎಂದು ಹೆಸರು. ಬೀಮ್ ಎಂದರೆ ತೊಲೆ. ನಾನೂ ತೊಲೆ ಎಂದೇ ಕರೆಯುತ್ತೇನೆ. ಒಂದು ತೊಲೆಯ ಕೆಳಗೆ ಬಂದ ಸ್ವರಗಳು ಒಂದು ಗುಂಪು. ‘ಚಿನ್ನದ ಗಣಿ’ಯನ್ನು ಎರಡೆರಡರ ನಡೆಯಲ್ಲಿ ಬರೆದರೆ ಒಂದು ಕ್ರಾಚೆಟ್, ಬಳಿಕ ಜೋಡಿ, ಮತ್ತೆ ಜೋಡಿ. ಮೂರರ ನಡೆಯಲ್ಲಿ ಬರೆದರೆ ಒಂದು ಕ್ರಾಚೆಟ್, ಒಂಟಿ ಬಾವುಟದ ಕ್ವೇವರ್, ಬಳಿಕ ಮೂರನ್ನು ಕಟ್ಟಿದ ತೊಲೆ. ಓದುವವನ ಕಣ್ಣು ಎಣಿಸುವುದಕ್ಕೆ ಮೊದಲೇ ನಡೆಯನ್ನು ಹಿಡಿದುಬಿಡುತ್ತದೆ.

ನಮ್ಮ ಸಂಗೀತದ ಪುಸ್ತಕಗಳಲ್ಲಿಯೂ ಇದಕ್ಕೆ ನೆಂಟನಾದ ಒಂದು ಗೆರೆಯುಂಟು. ಸ ರಿ ಗ ಮ ಎಂದು ಬರೆದ ಸ್ವರಾಕ್ಷರಗಳ ತಲೆಯ ಮೇಲೆ ಒಂದು ಗೆರೆ ಎಳೆದರೆ ಕಾಲ ಅರ್ಧ, ಎರಡು ಗೆರೆ ಎಳೆದರೆ ಕಾಲು. ವೀಣೆಯನ್ನೋ ಹಾಡನ್ನೋ ಕಲಿತ ಮಕ್ಕಳೆಲ್ಲ ಈ ಗೆರೆಯನ್ನು ನೋಡಿದ್ದಾರೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಲಿಪಿಯಲ್ಲಿ ಗೆರೆಯ ಮುಖ್ಯ ಕೆಲಸ ವೇಗವನ್ನು ಹೇಳುವುದು. ಗುಂಪನ್ನು ಹೇಳಲು ತಾಳದ ಅಂಗಗಳ ನಡುವೆ ನಿಲ್ಲಿಸಿದ ಕಂಬಗೆರೆಗಳಿವೆ, ಅಕ್ಷರಗಳ ನಡುವೆ ಬಿಟ್ಟ ತೆರಪು ಇದೆ. ಎಲ್ಲಕ್ಕಿಂತ ಮಿಗಿಲಾಗಿ ಎದುರಿಗೆ ಕುಳಿತ ಗುರುವಿನ ಕೈ ಇದೆ. ಪಾಶ್ಚಾತ್ಯ ತೊಲೆ ವೇಗವನ್ನೂ ಗುಂಪನ್ನೂ ಒಂದೇ ಗೆರೆಯಲ್ಲಿ ಹೇಳಬೇಕು. ಆದುದರಿಂದ ನಮ್ಮ ಹಾಡನ್ನು ಆ ಲಿಪಿಗೆ ಇಳಿಸುವವನ ಹೊಣೆ ಇಮ್ಮಡಿಯಾಗುತ್ತದೆ.

ಹಾಗೆ ಇಳಿಸುವ ಪ್ರಯತ್ನ ಹೊಸತೇನೂ ಅಲ್ಲ. 1890ರ ದಶಕದ ಆದಿಯಲ್ಲಿಯೇ ಮದರಾಸಿನ ಎ. ಎಂ. ಚಿನ್ನಸ್ವಾಮಿ ಮೊದಲಿಯಾರ್ ಅವರು ದಕ್ಷಿಣದ ಕೃತಿಗಳನ್ನು ಐರೋಪ್ಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ ಹಿಂದೆಯೂ ಅವರ ಒತ್ತಾಸೆ ಇದ್ದಿತು. ಕೋಲಾರ ಜಿಲ್ಲೆಯ ಗಡಿಗೆ ಹತ್ತಿರವಾದ ಮದನಪಲ್ಲಿಯಲ್ಲಿ 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ತಂಗಿದ್ದಾಗ, ಮುಂದೆ ನಮ್ಮ ರಾಷ್ಟ್ರಗೀತೆಯಾದ ಹಾಡಿನ ಧಾಟಿಯನ್ನು ಅಲ್ಲಿಯ ಮಾರ್ಗರೆಟ್ ಕಸಿನ್ಸ್ ಅವರು ಪಾಶ್ಚಾತ್ಯ ಲಿಪಿಯಲ್ಲಿ ಬರೆದಿಟ್ಟರು. ಮೈಸೂರು ಅರಮನೆಯಲ್ಲಂತೂ ಎರಡು ಸಂಗೀತಗಳೂ ಒಂದೇ ಸೂರಿನ ಕೆಳಗೆ ಬಾಳಿದವು. ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಪದವಿ ಪಡೆದವರು, ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರು. ಅವರೇ ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಹಾಡೊಂದನ್ನು ಪರಲಿಪಿಯಲ್ಲಿ ಬರೆಯುವಾಗಲೆಲ್ಲ ಯಾರಾದರೊಬ್ಬರು ಕುಳಿತು, ಕಿವಿಗೊಟ್ಟು, ಈ ಸ್ವರ ಹಿಂದಿನದರ ಜೊತೆಗೋ ಮುಂದಿನದರ ಜೊತೆಗೋ ಎಂದು ತೀರ್ಮಾನಿಸಲೇಬೇಕು. ಅಂದು ಆ ತೀರ್ಮಾನ ಲೇಖನಿಯದಾಗಿತ್ತು.

ಇನ್ನು ಯಂತ್ರದ ಮಾತು. ಸ್ವರಲಿಪಿಯ ಮೇಲೆ ಯಂತ್ರದ ಪ್ರಭಾವ ಕಂಪ್ಯೂಟರಿನಿಂದ ಮೊದಲಾಯಿತೆಂದು ತಿಳಿಯಬೇಡಿ. ಯೂರೋಪಿನಲ್ಲಿ ಸ್ವರಗಳನ್ನು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಮೊಳೆ; ಎರಡು ಮೊಳೆಗಳ ಮೇಲೆ ಹಾಯುವ ತೊಲೆಯನ್ನು ಜೋಡಿಸುವುದು ಕಷ್ಟ. ಆ ಪುಸ್ತಕಗಳಲ್ಲಿ ಚಿಕ್ಕ ಸ್ವರಗಳು ತಂತಮ್ಮ ಬಾವುಟ ಹಿಡಿದು ಒಂಟಿಯಾಗಿಯೇ ನಿಂತವು. ಹದಿನೇಳನೆಯ ಶತಮಾನದಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಮುದ್ರಿಸುವ ಪದ್ಧತಿ ಹರಡಿದ ಮೇಲೆ ಕೊರೆಯುವವನ ಕೈಗೆ ಸ್ವಾತಂತ್ರ್ಯ ಬಂತು; ಅಚ್ಚಿನಲ್ಲಿ ತೊಲೆಗಳು ತುಂಬಿಕೊಂಡವು. ಆ ಕೈಗಳು ತಲೆಮಾರುಗಳ ಕಾಲ ರೂಢಿಸಿದ ಮರ್ಯಾದೆಯೇ ಇಂದಿನ ತಂತ್ರಾಂಶಗಳ ಒಳಗಿರುವ ನಿಯಮ.

ಆ ನಿಯಮ ಹುರುಳಿಲ್ಲದ್ದಲ್ಲ. ನಾಲ್ಕು ಕ್ರಾಚೆಟ್ಟುಗಳ ಅಳತೆಯಲ್ಲಿ ಎಂಟು ಕ್ವೇವರುಗಳು ಬಂದರೆ ನಾಲ್ಕು ನಾಲ್ಕಾಗಿ ಕಟ್ಟಬಹುದು. ನಡುವಣ ಗಡಿಯನ್ನು ಮಾತ್ರ ತೊಲೆ ದಾಟಬಾರದು. ಮೂರು ಕ್ರಾಚೆಟ್ಟುಗಳ ಅಳತೆಯಲ್ಲಿ ಆರು ಕ್ವೇವರುಗಳನ್ನು ಮೂರು ಜೋಡಿಯಾಗಿಯಾಗಲಿ ಒಂದೇ ತೊಲೆಯಡಿಯಾಗಲಿ ಕಟ್ಟಬಹುದು. ಮೂರು ಮೂರಾಗಿ ಕಟ್ಟಬಾರದು. ಕಟ್ಟಿದರೆ ಅದು ಬೇರೊಂದು ಅಳತೆಯಂತೆ ಕಾಣುತ್ತದೆ. ಓದುಗನ ಕಣ್ಣಿಗೆ ಮೋಸವಾಗಬಾರದು ಎಂಬುದೇ ಇದರ ತಿರುಳು. ಆ ಸಂಗೀತದ ಮಟ್ಟಿಗೆ, ಆ ಓದುಗನ ಮಟ್ಟಿಗೆ ಯಂತ್ರ ತಾನಾಗಿ ಎಳೆಯುವ ತೊಲೆ ನೂರಕ್ಕೆ ತೊಂಬತ್ತು ಪಾಲು ಸರಿಯಾಗಿಯೇ ಇರುತ್ತದೆ ಎಂದು ಧಾರಾಳವಾಗಿ ಒಪ್ಪೋಣ. ನಮ್ಮ ಆದಿತಾಳದ ಸರಳ ರಚನೆಗಳಿಗೂ ಅದು ಹೆಚ್ಚು ಕೇಡು ಮಾಡದು.

ತೊಡಕು ಮೊದಲಾಗುವುದು ನಮ್ಮ ಅಲಂಕಾರಗಳ ಬಾಗಿಲಲ್ಲಿ. ಸರಳೆ, ಜಂಟಿವರಸೆಗಳಾದ ಮೇಲೆ ಮಕ್ಕಳು ಕಲಿಯುವ ಏಳು ತಾಳಗಳ ಅಲಂಕಾರಗಳನ್ನು ನೆನೆದುಕೊಳ್ಳಿ. ಮಠ್ಯತಾಳಕ್ಕೆ 4, 2, 4. ಒಟ್ಟು 10 ಅಕ್ಷರ. ಝಂಪೆಗೆ 7, 1, 2, ಅದೂ 10. ಧ್ರುವತಾಳಕ್ಕೆ 4, 2, 4, 4, ಒಟ್ಟು 14. ಅಟ್ಟತಾಳಕ್ಕೆ 5, 5, 2, 2, ಅದೂ 14. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೊದಲ ಸಾಲನ್ನು ಎಣಿಸಿದರೆ 3, 4, 3, 4. ಅಲ್ಲಿಯೂ ಮಾತ್ರೆಗಳು 14. ಧ್ರುವ, ಅಟ್ಟ, ಭಾಮಿನಿ ಇವು ಮೂರನ್ನೂ ಕಿವಿಯಿದ್ದವರು ಯಾರೂ ಒಂದೆನ್ನಲಾರರು. ಆದರೆ ‘ಈ ಹಾಡಿಗೆ ಒಂದು ಆವರ್ತಕ್ಕೆ ಹದಿನಾಲ್ಕು’ ಎಂದಷ್ಟೇ ಯಂತ್ರಕ್ಕೆ ಹೇಳಿ ಸುಮ್ಮನಾದರೆ ಅದರ ಪಾಲಿಗೆ ಮೂರೂ ಒಂದೇ. ತನಗೆ ತಿಳಿದ ಒಂದು ಬಗೆಯಲ್ಲಿ ಅದು ಎಲ್ಲವನ್ನೂ ಕಟ್ಟಿಬಿಡುತ್ತದೆ.

ಇನ್ನೂ ಚಿಕ್ಕ ಉದಾಹರಣೆ ಬೇಕೆ? ಖಂಡಛಾಪು ಐದರ ತಾಳ: ತಕ ತಕಿಟ, ತಕ ತಕಿಟ. ಎರಡು, ಮೂರು. ಲಿಲಿಪಾಂಡ್ ಎಂಬುದೊಂದು ಸ್ವರಲಿಪಿಯ ತಂತ್ರಾಂಶ. ಉಚಿತವಾಗಿ ದೊರಕುತ್ತದೆ, ಅಂದವಾದ ಬರಹಕ್ಕೆ ಹೆಸರಾದದ್ದು. ಅದಕ್ಕೆ ಐದು ಕ್ವೇವರುಗಳ ಅಳತೆಯನ್ನು ಕೊಟ್ಟು ಬೇರೇನೂ ಹೇಳದಿದ್ದರೆ ಅದು ಮೂರು, ಎರಡು ಎಂದು ಕಟ್ಟುತ್ತದೆ: ತಕಿಟ ತಕ, ತಕಿಟ ತಕ. ಪಶ್ಚಿಮದಲ್ಲಿ ಹಾಗೆ ಬರೆಯುವುದು ಹೆಚ್ಚು ರೂಢಿ, ಅದರ ತಪ್ಪಲ್ಲ. ಆದರೆ ಆ ಹಾಳೆಯನ್ನು ನೋಡಿ ನುಡಿಸುವವನು ಎರಡನೆಯ ಪೆಟ್ಟನ್ನು ಒಂದು ಅಕ್ಷರ ತಡವಾಗಿ ಹಾಕುತ್ತಾನೆ. ಹಾಡಿನ ಸ್ವರಗಳೆಲ್ಲ ಸರಿಯಾಗಿದ್ದೂ ಹಾಡು ಕುಂಟುತ್ತದೆ. ಒಂಬತ್ತರ ಅಳತೆಯಲ್ಲಿಯೂ ಇದೇ ಕಥೆ. ಪಶ್ಚಿಮದ ರೂಢಿಗೆ ಒಂಬತ್ತೆಂದರೆ ಮೂರು ಮೂರಲ ಒಂಬತ್ತು. ನಮ್ಮ ಸಂಕೀರ್ಣ ನಡೆಗೆ ಒಂಬತ್ತೆಂದರೆ ನಾಲ್ಕು, ಐದು: ತಕಧಿಮಿ ತಕತಕಿಟ.

ಪಶ್ಚಿಮದವರಿಗೂ ಈ ಇಕ್ಕಟ್ಟು ಎದುರಾಗಿತ್ತು. ಹಂಗೆರಿಯ ಬೇಲ ಬಾರ್ಟೋಕ್ ಹಳ್ಳಿಗಾಡಿನ ಹಾಡುಗಳನ್ನು ಸಂಗ್ರಹಿಸಿ ತಿರುಗಿದವನು. ‘ಮಿಕ್ರೊಕಾಸ್ಮೊಸ್’ ಎಂಬ ಪಿಯಾನೊ ಪಾಠಮಾಲೆಯ ಕೊನೆಯಲ್ಲಿ ಅವನು ಬಲ್ಗೇರಿಯದ ಲಯದಲ್ಲಿ ಆರು ಕುಣಿತಗಳನ್ನು ಬರೆದಿದ್ದಾನೆ. ಅವುಗಳಲ್ಲಿ ಮೊದಲನೆಯದಕ್ಕೆ ತಾಳದ ಗುರುತಾಗಿ ಒಂಬತ್ತು ಎಂದು ಬರೆಯದೆ 4+2+3 ಎಂದು ಕೂಡಿಸುವ ಲೆಕ್ಕವನ್ನೇ ಬರೆದಿಟ್ಟ. ಮೊತ್ತವನ್ನು ಮುಚ್ಚಿಟ್ಟು ಒಡಕನ್ನು ತೋರಿಸಿದ. ನಮ್ಮ ತಾಳಶಾಸ್ತ್ರ ಲಘು, ದ್ರುತ, ಅನುದ್ರುತಗಳ ಮೂಲಕ ತಲೆತಲಾಂತರದಿಂದ ಮಾಡುತ್ತ ಬಂದಿರುವ ಕೆಲಸವೂ ಇದೇ.

ಹಾಗಾದರೆ ಯಂತ್ರಕ್ಕೆ ಹೇಳುವ ಬಗೆ ಹೇಗೆ? ಹೇಳಿದರೆ ಅದು ಕೇಳುತ್ತದೆ ಎಂಬುದು ಸಮಾಧಾನದ ಸಂಗತಿ. ಮೊದಲನೆಯ ದಾರಿ, ತಾಳದ ಗುರುತಿನಲ್ಲಿಯೇ ಒಡಕನ್ನು ಕೊಡುವುದು. ಏಳು ಎನ್ನುವ ಬದಲು 3+2+2 ಎಂದು ಕೊಟ್ಟರೆ ಡೊರಿಕೊ ಎಂಬ ತಂತ್ರಾಂಶ ಅದರಂತೆಯೇ ತೊಲೆಗಳನ್ನು ಕಟ್ಟುತ್ತದೆ. ಲಿಲಿಪಾಂಡಿಗೂ ತಾಳದ ಜೊತೆಗೆ ಗುಂಪುಗಳ ಪಟ್ಟಿಯನ್ನು ಕೊಡಬಹುದು. ಎರಡನೆಯ ದಾರಿ, ಕಾಣುವ ಗುರುತನ್ನು ಹಾಗೆಯೇ ಉಳಿಸಿ ಒಳಗಿನ ನಿಯಮವನ್ನು ಬದಲಾಯಿಸುವುದು. ಮ್ಯೂಸ್‌ಸ್ಕೋರ್ ಎಂಬ ಮತ್ತೊಂದು ಉಚಿತ ತಂತ್ರಾಂಶದಲ್ಲಿ ತಾಳದ ಗುರುತಿನ ಗುಣಗಳನ್ನು ತೆರೆದರೆ ಕ್ವೇವರುಗಳು ಎಲ್ಲಿ ಒಡೆಯಬೇಕು, ಅದಕ್ಕಿಂತ ಚಿಕ್ಕ ಸ್ವರಗಳು ಎಲ್ಲಿ ಒಡೆಯಬೇಕು ಎಂದು ಬೇರೆ ಬೇರೆಯಾಗಿ ತೋರಿಸಲು ಎಡೆಯಿದೆ. ಮೂರನೆಯ ದಾರಿ, ಒಂದೊಂದು ಸ್ವರವನ್ನೂ ಹಿಡಿದು, ಇಲ್ಲಿ ಕೂಡಿಸು, ಇಲ್ಲಿ ಬಿಡಿಸು ಎಂದು ಕೈಯಾರೆ ತಿದ್ದುವುದು.

ಹೆಚ್ಚಿನವರು ಮೊದಲು ಕೈಹಾಕುವುದು ಮೂರನೆಯ ದಾರಿಗೆ. ಕಣ್ಣಿಗೆ ಕಂಡ ತಪ್ಪನ್ನು ಕಂಡಲ್ಲೇ ಸರಿಮಾಡುವ ಆತುರ ಸಹಜ. ಆದರೆ ನೂರು ಆವರ್ತಗಳ ಹಾಡಿನಲ್ಲಿ ನೂರು ಕಡೆ ತಿದ್ದಿದ ಮೇಲೆ ನಡುವೆ ಎರಡು ಸ್ವರ ಸೇರಿಸಬೇಕಾಗಿ ಬಂದರೆ ತಿದ್ದಿದ್ದೆಲ್ಲ ಅಸ್ತವ್ಯಸ್ತವಾಗುತ್ತದೆ. ಅದೂ ಅಲ್ಲದೆ, ಹಾಗೆ ತಿದ್ದಿದ ಹಾಳೆಯಲ್ಲಿ ಯಾವುದು ತಾಳದ ನಿಯಮ, ಯಾವುದು ಆ ಒಂದು ಎಡೆಯ ವಿಶೇಷ ಎಂಬುದು ಬರೆದವನಿಗೂ ಕೆಲವು ದಿನಗಳಲ್ಲಿ ಮರೆತುಹೋಗುತ್ತದೆ. ತಾಳಕ್ಕೆ ಸೇರಿದ್ದನ್ನು ತಾಳದಲ್ಲಿ ಹೇಳಬೇಕು. ಹಾಡು ಬೇಕೆಂದೇ ತಾಳವನ್ನು ಮೀರಿ ನಡೆಯುವಲ್ಲಿ, ಅತೀತ ಅನಾಗತ ಎಡುಪುಗಳಂಥ ಕಡೆ, ಕೈಯಾರೆ ತಿದ್ದಬೇಕು. ಆಗ ಆ ತಿದ್ದುಪಡಿಗೂ ಒಂದು ಅರ್ಥವಿರುತ್ತದೆ. ಇನ್ನೊಂದು ಸೂಕ್ಷ್ಮ: ಸೆಮಿಕ್ವೇವರುಗಳಿಗೆ ಎರಡು ತೊಲೆಗಳು. ಹೊರಗಿನ ತೊಲೆಯನ್ನು ಉಳಿಸಿ ಒಳಗಿನದನ್ನು ಮಾತ್ರ ನಡುವೆ ಕಡಿದರೆ, ದೊಡ್ಡ ಗುಂಪಿನೊಳಗಣ ಚಿಕ್ಕ ಗುಂಪೂ ಕಾಣುತ್ತದೆ. ಅಂಗದೊಳಗಿನ ನಡೆಯನ್ನು ತೋರಿಸಲು ಇದು ಒಳ್ಳೆಯ ಸಾಧನ.

ಇಷ್ಟಕ್ಕೇ ಮುಗಿದಿದ್ದರೆ ಇದು ಕೇವಲ ತಾಳದ ಲೆಕ್ಕವಾಗುತ್ತಿತ್ತು. ಹಾಡಿಗೆ ಮಾತೂ ಉಂಟಷ್ಟೆ? ಗಣಿಯ ಊರಿಗೆ ರೈಲಿನಲ್ಲಿ ಹೋಗುವವರು ಇಳಿದು ಗಾಡಿ ಬದಲಾಯಿಸುವ ಜಂಕ್ಷನ್ ಬಂಗಾರಪೇಟೆ. ಆ ಹೆಸರನ್ನು ಎಣಿಸೋಣ. ಬಂ ಎರಡು, ಗಾ ಎರಡು, ರ ಒಂದು, ಪೇ ಎರಡು, ಟೆ ಒಂದು. ಒಟ್ಟು ಎಂಟು ಮಾತ್ರೆ. ಮಾತಿನ ಪ್ರಕಾರ ಒಡೆದರೆ ಬಂಗಾರ — ಪೇಟೆ, ಐದು, ಮೂರು. ನಾಲ್ಕರ ನಡೆಗೆ ಒಡೆದರೆ ಬಂಗಾ — ರಪೇಟೆ, ನಾಲ್ಕು, ನಾಲ್ಕು. ತೊಲೆ ಯಾರ ಮಾತು ಕೇಳಬೇಕು? ತಾಳದ್ದೋ, ಪದದ್ದೋ?

ಪಶ್ಚಿಮದಲ್ಲಿ ಇದಕ್ಕೆ ಎರಡು ಕಾಲದಲ್ಲಿ ಎರಡು ಉತ್ತರ ಸಿಕ್ಕಿವೆ. ಹಳೆಯ ಪದ್ಧತಿಯಲ್ಲಿ ಗಾಯನದ ಸ್ವರಗಳಿಗೆ ಅಕ್ಷರವೇ ಒಡೆಯ: ಒಂದು ಅಕ್ಷರಕ್ಕೆ ಒಂದೇ ಸ್ವರವಿದ್ದರೆ ಅದು ತನ್ನ ಬಾವುಟದೊಂದಿಗೆ ಒಂಟಿಯಾಗಿ ನಿಲ್ಲುತ್ತದೆ, ಒಂದು ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆದಾಗ ಮಾತ್ರ ಅವನ್ನು ತೊಲೆ ಕಟ್ಟುತ್ತದೆ. ಹೊಸ ಪದ್ಧತಿಯಲ್ಲಿ ಗಾಯನಕ್ಕೂ ವಾದ್ಯಕ್ಕೂ ಒಂದೇ ನ್ಯಾಯ: ತೊಲೆ ತಾಳವನ್ನು ಅನುಸರಿಸುತ್ತದೆ, ಅಕ್ಷರಗಳು ಕೆಳಗೆ ತಮ್ಮ ಪಾಡಿಗೆ ಬರುತ್ತವೆ. ಇಂದಿನ ತಂತ್ರಾಂಶಗಳು ಕೇಳದಿದ್ದರೆ ಹೊಸ ನ್ಯಾಯವನ್ನೇ ನಡೆಸುತ್ತವೆ. ಹಳೆಯದು ಬೇಕಾದವರು ಬದಲಾಯಿಸಿಕೊಳ್ಳಬೇಕು.

ಕನ್ನಡಿಗರಾದ ನಾವು ಈ ವಿವಾದಕ್ಕೆ ಹೊಸಬರಲ್ಲ. ಹಳಗನ್ನಡದ ಕವಿಗಳು ವೃತ್ತಗಳಲ್ಲಿ ಯತಿಯನ್ನು ಲೆಕ್ಕಿಸದೆ ಪದಗಳನ್ನು ಅದರ ಮೇಲೆ ಹಾಯಿಸಿದವರು. ಯತಿವಿಲಂಘನವೆಂಬುದು ಕನ್ನಡ ಕಾವ್ಯದ ಹೆಸರಾದ ಲಕ್ಷಣ. ಷಟ್ಪದಿಯಲ್ಲಿಯೂ ಗಣದ ಗಡಿಯೂ ಪದದ ಗಡಿಯೂ ಎಷ್ಟೋ ಕಡೆ ಬೇರೆ ಬೇರೆಯಾಗಿ ಬೀಳುತ್ತವೆ. ಗಣವಿಂಗಡಣೆಯಂತೆಯೇ ಓದಿದರೆ ಅರ್ಥ ತುಂಡಾಗುತ್ತದೆ. ಪದಚ್ಛೇದದಂತೆಯೇ ಓದಿದರೆ ಛಂದಸ್ಸು ಸಡಿಲವಾಗುತ್ತದೆ. ಒಳ್ಳೆಯ ಗಮಕಿ ಎರಡನ್ನೂ ಕೇಳಿಸುತ್ತಾನೆ; ಲಯವನ್ನು ಒಳಗೆ ಹರಿಯಬಿಟ್ಟು ಅರ್ಥಕ್ಕೆ ತಕ್ಕಂತೆ ನಿಲ್ಲುತ್ತಾನೆ. ಬರಹದಲ್ಲಿ ನಾನು ಒಪ್ಪುವ ದಾರಿಯೂ ಅದಕ್ಕೆ ಹತ್ತಿರವಾದದ್ದು. ತಾಳಕ್ಕೆ ಕಟ್ಟಿದ ಕೃತಿ, ಕೀರ್ತನೆಗಳಲ್ಲಿ ತೊಲೆ ತಾಳವನ್ನು ಅನುಸರಿಸಲಿ, ಪದಗಳ ಒಡಕನ್ನು ಕೆಳಗಿನ ಸಾಹಿತ್ಯದ ಸಾಲು ತೋರಿಸಲಿ. ತಾಳವಿಲ್ಲದ ಗಮಕಕ್ಕೆ, ಉಗಾಭೋಗದಂಥ ಹಾಡಿಕೆಗೆ, ಯಂತ್ರದ ತಾನೇತಾನಾದ ಕಟ್ಟುವಿಕೆಯನ್ನು ನಿಲ್ಲಿಸಿ, ಮಾತಿನ ಉಸಿರನ್ನು ನೋಡಿ ಕೈಯಿಂದ ಕಟ್ಟಬೇಕು. ತಾಳವೇ ಇಲ್ಲದಲ್ಲಿ ತಾಳದ ತೊಲೆ ಸುಳ್ಳುಸಾಕ್ಷಿ ನುಡಿದಂತೆ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ನಮ್ಮ ಸಂಗೀತದ ಜೀವ ಗಮಕದಲ್ಲಿದೆ. ಸ್ವರ ಓಲಾಡುವ ಬಗೆಯನ್ನು ಯಾವ ಲಿಪಿಯೂ ಹಿಡಿಯಲಾರದು. ಹೀಗಿರುವಲ್ಲಿ ಒಂದು ಗೆರೆ ಅತ್ತ ಇತ್ತ ಆದರೇನು? ಗಮಕದ ಮಾತು ನಿಜ. ಆದರೆ ಲಿಪಿ ಹಿಡಿಯಲಾಗದ್ದು ಹಲವಿರುವಾಗ, ಹಿಡಿಯಬಲ್ಲದ್ದನ್ನಾದರೂ ಸರಿಯಾಗಿ ಹಿಡಿಯಬೇಡವೆ? ಎಲ್ಲಿ ಕೂಡಿತು, ಎಲ್ಲಿ ಬಿಟ್ಟಿತು ಎಂಬುದು ಲಿಪಿಗೆ ಪೂರ್ತಿ ದಕ್ಕುವ ಸಂಗತಿ. ಅದನ್ನೂ ಕೈಬಿಟ್ಟರೆ ಬರೆದು ಫಲವೇನು?

ಈ ಪ್ರಶ್ನೆ ಇಂದು ಹಿಂದೆಂದಿಗಿಂತ ಮುಖ್ಯವಾಗಿರುವುದಕ್ಕೆ ಕಾರಣವುಂಟು. ಕೋಲಾರದ ಗಣಿಗಳಲ್ಲಿ 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಒಂದು ಶತಮಾನಕ್ಕೂ ಮಿಗಿಲಾಗಿ ಅಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಮಾತಾಡುವ ಜನ ಒಟ್ಟಿಗೆ ಬಾಳಿದ್ದರು. ಬಹುಪಾಲು ಕಾರ್ಮಿಕರು ತಮಿಳರು. ಆಂಗ್ಲೋ-ಇಂಡಿಯನ್ನರ ಇಗರ್ಜಿಗಳಲ್ಲಿ ಪಾಶ್ಚಾತ್ಯ ರಾಗದ ಸ್ತುತಿಗೀತೆಗಳು. ತಮಿಳು ಕ್ರೈಸ್ತರಲ್ಲಿ ತಂಜಾವೂರಿನ ವೇದನಾಯಕ ಶಾಸ್ತ್ರಿಗಳ ಕಾಲದಿಂದ ಬಂದ, ನಮ್ಮ ರಾಗ ತಾಳಗಳ ಕೀರ್ತನೆಗಳು. ಮಾರಿಯಮ್ಮನ ಜಾತ್ರೆಗೆ ತಮಟೆಯ ಬಡಿತ. ಕೆಲಸ ನಿಂತ ಮೇಲೆ ದುಡಿಮೆಗಾಗಿ ದಿನವೂ ಬೆಂಗಳೂರಿಗೆ ರೈಲು ಹಿಡಿಯುವವರಾದರು ಹಲವರು. ಊರನ್ನೇ ಬಿಟ್ಟವರೂ ಇದ್ದಾರೆ. ಜನ ಚದುರಿದಾಗ ಹಾಡು ಬಾಯಿಂದ ಬಾಯಿಗೆ ದಾಟುವ ದಾರಿ ಕಿರಿದಾಗುತ್ತದೆ. ಆಗ ಯಾರೋ ಒಬ್ಬ ಮೇಷ್ಟರು, ಯಾರೋ ಒಬ್ಬ ಮೇಳದ ಹುಡುಗ, ಅಜ್ಜಿಯ ಹಾಡನ್ನು ಕಂಪ್ಯೂಟರಿನಲ್ಲಿ ಬರೆದಿಡಲು ಕೂರುತ್ತಾನೆ. ಸ್ವರಗಳನ್ನು ಅವನು ಕಿವಿಯಿಂದ ಕೇಳಿ ಹಾಕುತ್ತಾನೆ. ಗೆರೆಗಳನ್ನು ಯಂತ್ರ ಹಾಕುತ್ತದೆ. ಯಂತ್ರ ಹಾಕಿದ್ದು ಅಚ್ಚುಕಟ್ಟಾಗಿ ಕಾಣುವುದರಿಂದ ಅದನ್ನು ಅನುಮಾನಿಸಲು ಅವನಿಗೆ ತೋರುವುದಿಲ್ಲ.

ಆ ಹಾಳೆ ದೂರ ಹೋಗುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ ಕನ್ನಡ ಮನೆಯೊಂದರಲ್ಲಿ ಮಗಳು ಶಾಲೆಯಲ್ಲಿ ಪಿಟೀಲು ಕಲಿಯುತ್ತಾಳೆ ಎನ್ನಿ. ಐದು ಗೆರೆಯ ಲಿಪಿ ಅವಳಿಗೆ ನೀರು ಕುಡಿದಷ್ಟು ಸುಲಭ. ಅಜ್ಜನ ಊರಿನ ಹಾಡೊಂದು ಆ ಲಿಪಿಯಲ್ಲಿ ಸಿಕ್ಕಿದರೆ ಅವಳಿಗೆ ಹಬ್ಬ. ಅವಳ ಬಳಿ ತಾಳ ಹಾಕಿ ತೋರುವವರಿಲ್ಲ, ಹಾಳೆಯೇ ಗುರು. ಖಂಡಛಾಪಿನ ಹಾಡನ್ನು ತಕಿಟ ತಕ ಎಂದು ಕಟ್ಟಿದ್ದರೆ ಅವಳು ಹಾಗೆಯೇ ಕಲಿಯುತ್ತಾಳೆ. ಮುಂದೆ ಹಾಗೆಯೇ ಕಲಿಸುತ್ತಾಳೆ. ಎರಡು ತಲೆಮಾರಿನ ಬಳಿಕ ಹಾಡಿನ ಹೆಸರು, ಸ್ವರ, ಸಾಹಿತ್ಯ ಎಲ್ಲವೂ ಉಳಿದಿರುತ್ತವೆ, ನಡೆ ಕಳೆದುಹೋಗಿರುತ್ತದೆ. ಕಳೆದುಹೋಯಿತೆಂದು ಹೇಳುವವರೂ ಇರುವುದಿಲ್ಲ.

ಆದಕಾರಣ ಹಾಡನ್ನು ಬರೆದಿಡುವವರಲ್ಲಿ ನನ್ನ ಅರಿಕೆ ಇಷ್ಟು. ಯಂತ್ರದ ಮುಂದೆ ಕೂರುವ ಮೊದಲು ಹಾಡುವವರ ಎದುರಿಗೆ ಕುಳಿತು ಅವರ ಕೈಯನ್ನು ನೋಡಿ. ಪೆಟ್ಟು ಎಲ್ಲಿ ಬಿತ್ತು, ಉಸಿರು ಎಲ್ಲಿ ತಿರುಗಿತು ಎಂದು ಗುರುತು ಹಾಕಿಕೊಳ್ಳಿ. ತಾಳದ ಒಡಕನ್ನು ಮೊದಲು ಯಂತ್ರಕ್ಕೆ ಕೊಟ್ಟು ಆಮೇಲೆ ಸ್ವರಗಳನ್ನು ತುಂಬಿ. ಬರೆದು ಮುಗಿದ ಮೇಲೆ, ಆ ಹಾಡನ್ನು ಕೇಳಿಯೇ ಇರದವರೊಬ್ಬರಿಗೆ ಹಾಳೆಯನ್ನು ಕೊಟ್ಟು ತಾಳ ಹಾಕಿಸಿ. ಅವರ ಕೈ ತಪ್ಪಿದಲ್ಲಿ ನಿಮ್ಮ ತೊಲೆ ತಪ್ಪಿದೆಯೆಂದು ತಿಳಿಯಿರಿ. ಕೊನೆಯದಾಗಿ, ಹಾಳೆಯ ತಲೆಯಲ್ಲಿ ತಾಳದ ಹೆಸರನ್ನೂ ಅದರ ಒಡಕನ್ನೂ ಅಕ್ಷರದಲ್ಲಿ ಬರೆಯಿರಿ: ಖಂಡಛಾಪು, ಎರಡು ಮೂರು ಎಂದು. ತಂತ್ರಾಂಶಗಳಿಗೂ ಆಯುಸ್ಸು ಉಂಟು. 1988ರಲ್ಲಿ ಹುಟ್ಟಿ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದ್ದ ಫಿನಾಲೆ ಎಂಬ ತಂತ್ರಾಂಶವನ್ನು ಇನ್ನು ಬೆಳೆಸುವುದಿಲ್ಲವೆಂದು ಅದರ ಒಡೆಯರು 2024ರ ಆಗಸ್ಟಿನಲ್ಲಿ ಸಾರಿದರು. ಅದರೊಳಗೆ ಮಾಡಿಟ್ಟ ಏರ್ಪಾಡುಗಳನ್ನು ಮತ್ತೊಂದಕ್ಕೆ ದಾಟಿಸುವ ಚಿಂತೆ 35 ವರ್ಷ ಅದನ್ನು ನಂಬಿದ್ದವರಿಗೆ ಬಂದೊದಗಿತು. ಯಂತ್ರದೊಳಗಣ ಏರ್ಪಾಡು ಅಳಿದರೂ ಕಾಗದದ ಮೇಲಣ ನಾಲ್ಕು ಕನ್ನಡ ಅಕ್ಷರ ಉಳಿದೀತು.

ನಾಗವರ್ಮನು ಸಾವಿರ ವರ್ಷಗಳ ಹಿಂದೆ ‘ಛಂದೋಂಬುಧಿ’ಯನ್ನು ಬರೆದಾಗ ಕನ್ನಡದ ನಡೆಗಳಿಗೆ ಹೆಸರಿಟ್ಟು, ಎಣಿಸಿ, ಒಡೆದು ತೋರಿಸಿದ. ಕವಿಗಳು ಅವನನ್ನು ಕೇಳಿ ಹಾಡಲಿಲ್ಲ ನಿಜ. ಆದರೆ ಹಾಡಿದವರು ಹೋದ ಮೇಲೂ ಅವರ ಹೆಜ್ಜೆ ನಮಗೆ ತಿಳಿಯುವಂತೆ ಮಾಡಿದವರು ಅಂಥ ಲಕ್ಷಣಕಾರರು. ಇಂದು ಕಂಪ್ಯೂಟರಿನ ಮುಂದೆ ಕುಳಿತು ಐದನ್ನು ಎರಡು ಮೂರೆಂದು ಒಡೆಯುವ ಹುಡುಗನೂ ತನ್ನ ಅಳತೆಗೆ ಅದೇ ಕೆಲಸವನ್ನು ಮಾಡುತ್ತಿದ್ದಾನೆ. ಅವನ ಬೆರಳಿಗೆ ಬೇಕಾದ ಉಪಕರಣ ಸಿದ್ಧವಾಗಿದೆ. ಕಿವಿಯನ್ನು ಮಾತ್ರ ಅವನೇ ತರಬೇಕು.